ಕಾಲುವೆಯ ಕೊನೆಯಲ್ಲೊಂದು ಎಲುಬು

ಕೂಡ್ಲಿಗಿ, ಕೊಟ್ಟೂರು ಕಡೆ ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ ಇಂಥದೊಂದು ಮಾತು ಕಿವಿಗೆ ಬೀಳುತ್ತದೆ: “ಎರಡು ವರ್ಷದ ಹಿಂದ ಗಾಡಿ ಮ್ಯಾಲಿಂದ ಬಿದ್ದಿದ್ದೆ. ಕೈ ಉಳುಕಿತ್ತು, ಎಣ್ಣಿ ಹಚ್ಚಿ ತಿಕ್ಕಿಸ್ಕೊಂಡೆ, ಆರಾಮಾತು. ಈಗ ಮತ್ತ ಬ್ಯಾನಿ ಶುರುವಾಗೇತಿ. ತುಂಬಿದ ಕೊಡ ಎತ್ತಾಕ ಆಗವಲ್ದು.” ಸುತ್ತ ಕುಳಿತವರು, ಆಗ ಉಳುಕು ಸರಿಯಾಗಿ ತೆಗೆಸಿರಲಿಕ್ಕಿಲ್ಲ ಎಂದು ತೀರ್ಪು ಕೊಟ್ಟು ಇನ್ನೊಬ್ಬ ತಿಕ್ಕುವವರ ವಿಳಾಸ ಹೇಳುತ್ತಾರೆ.

ಉಳುಕು ಎಂದರೆ ಕೀಲಿನ ಸುತ್ತಲಿನ ನಾರು ಎಳೆದುಕೊಂಡಿರುವುದು. ಅದು ಕೆಲವು ವಾರಗಳಲ್ಲಿ ಮಾಯುತ್ತದೆ. ಎರಡು ವರ್ಷ ಸುಮ್ಮನಿದ್ದು ಆಮೇಲೆ ಎದ್ದು ಕೂರುವ ಉಳುಕನ್ನು ನಂಬಬಾರದು. ಹೆಬ್ಬೆರಳಿನ ಬುಡದ ಹತ್ತಿರ ನೋವಿದ್ದರಂತೂ ಅಲ್ಲೊಂದು ಎಲುಬು ಆವತ್ತೇ ಮುರಿದಿದ್ದು, ಇವತ್ತಿಗೂ ಕೂಡದೆ ಎರಡು ತುಂಡಾಗಿಯೇ ಉಳಿದಿರುವ ಸಾಧ್ಯತೆ ಇದೆ.

ಒಗಟು ಇರುವುದು ಇಲ್ಲಿಯೇ. ದೇಹದಲ್ಲೇ ದೊಡ್ಡದಾದ ತೊಡೆಯ ಎಲುಬು ಮುರಿದರೆ ಮೂರರಿಂದ ಆರು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಮಕ್ಕಳ ಮುಂಗೈ ಎಲುಬು ಒಂದೂವರೆ ತಿಂಗಳೊಳಗೆ ಗಟ್ಟಿಯಾಗುತ್ತದೆ. ಮಣಿಕಟ್ಟಿನೊಳಗಿನ ಎರಡೂವರೆ, ಮೂರು ಸೆಂಟಿಮೀಟರಿನ ಒಂದು ಎಲುಬಿಗೆ ಮಾತ್ರ ಕೆಲವೊಮ್ಮೆ ವರ್ಷಗಳು ಕಳೆದರೂ ಕೂಡುವ ಯೋಗ ಬರುವುದಿಲ್ಲ. ಕೊನೆಗೆ ಸೊಂಟದಿಂದಲೋ ಮೊಣಕಾಲಿನಿಂದಲೋ ಚೂರು ಎಲುಬು ತಂದು ಅಲ್ಲಿ ಕಸಿ ಮಾಡಬೇಕಾಗುತ್ತದೆ. ಯಾವ ಕಡೆಯ ಎಲುಬು ತಂದರೆ ಒಳ್ಳೆಯದು ಎಂಬ ವಾದ ಶಸ್ತ್ರವೈದ್ಯರ ನಡುವೆ ಸುಮಾರು ನೂರು ವರ್ಷದಿಂದ ನಡೆದಿದೆ.

ಬೀಳುವವರ ಅಂಗೈ

ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿದು ಮೇಲಿನಿಂದ ಹಾಗೆಯೇ ಬೀಳುತ್ತಾರೆ. ಕೆಳಗೆ ನಿಂತ ಭಕ್ತರು ಅವರನ್ನು ಹಿಡಿದುಕೊಳ್ಳುತ್ತಾರೆ. ಉಳಿದ ನಮಗೆ ಆ ಭಾಗ್ಯ ಇಲ್ಲ. ಬೈಕಿನಿಂದ, ಹುಣಸೆ ಮರದಿಂದ, ಟ್ರಾಕ್ಟರಿನ ಟ್ರೇಲರಿನಿಂದ, ಕಬಡ್ಡಿ ಅಂಕಣದಲ್ಲಿ, ಎಲ್ಲಿ ಬಿದ್ದರೂ ನಮ್ಮನ್ನು ಹಿಡಿಯಲು ಮುಂದೆ ಬರುವುದು ನಮ್ಮದೇ ಕೈ. ಅಂಗೈ ಚಾಚಿ ನೆಲಕ್ಕೆ ಊರುತ್ತೇವೆ. ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ಮೈಯ ಭಾರವೆಲ್ಲ ಹೆಬ್ಬೆರಳಿನ ಕಡೆಯ ಸಾಲಿಗೆ ಬೀಳುತ್ತದೆ.

ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳು ಎರಡು ಸಾಲಾಗಿ ಕುಳಿತಿವೆ. ಅವುಗಳಲ್ಲಿ ಎರಡೂ ಸಾಲಿಗೆ ಕೊಂಡಿಯಾಗಿ ನಿಂತಿರುವುದು ಒಂದೇ, ದೋಣಿಯ ಆಕಾರದ್ದು. ಡಾಕ್ಟರರು ಸ್ಕಾಫಾಯ್ಡ್ ಎನ್ನುತ್ತಾರೆ, ನಾವು ದೋಣಿ ಎಲುಬು ಎನ್ನೋಣ. ಎರಡು ಸಾಲಿಗೂ ಕಾಲು ಚಾಚಿ ನಿಂತದ್ದಕ್ಕೇ ಅದು ಬಾಗುವ ಮಣಿಕಟ್ಟಿನ ನಡುವೆ ಸಿಕ್ಕಿಬೀಳುತ್ತದೆ, ನಡುಭಾಗದಲ್ಲಿ ಮುರಿಯುತ್ತದೆ. ಈ ಎಂಟರಲ್ಲಿ ಹೆಚ್ಚು ಮುರಿಯುವುದು ಇದೇ. ಮುರಿಸಿಕೊಳ್ಳುವವರಲ್ಲಿ ಹೆಚ್ಚಿನವರು ಹದಿನೈದರಿಂದ ನಲವತ್ತರೊಳಗಿನ ಗಂಡಸರು, ಅಂದರೆ ದುಡಿಯುವ ಕೈಗಳು.

ಮುರಿದರೂ ಇದು ಸದ್ದು ಮಾಡುವುದಿಲ್ಲ. ಕೈ ಸೊಟ್ಟಗಾಗುವುದಿಲ್ಲ, ಬಾವು ಅಷ್ಟಕ್ಕಷ್ಟೇ, ಬೆರಳೆಲ್ಲ ಆಡುತ್ತವೆ. 1895ರಲ್ಲಿ ರಾಂಟ್ಜನ್ ಎಕ್ಸ್-ರೇ ಕಂಡುಹಿಡಿಯುವವರೆಗೆ ಇಂಥವು ಬಹುಪಾಲು ಉಳುಕಿನ ಲೆಕ್ಕಕ್ಕೇ ಹೋಗುತ್ತಿದ್ದವು. ಎಕ್ಸ್-ರೇ ಬಂದ ಮೇಲೂ ಮೊದಲ ದಿನದ ಚಿತ್ರದಲ್ಲಿ ಕೆಲವು ಬಿರುಕುಗಳು ಕಾಣುವುದೇ ಇಲ್ಲ. ಹತ್ತು, ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆದಾಗ ಗೆರೆ ಎದ್ದು ಕಾಣುತ್ತದೆ. ಮೊದಲ ಚಿತ್ರ ನೋಡಿ “ಏನೂ ಆಗಿಲ್ಲ” ಎಂದು ಮನೆಗೆ ಬಂದವರು ಎರಡನೆಯ ಸಲ ಹೋಗುವುದು ಅಪರೂಪ. ಕೊಯ್ಲು ಮುಗಿಯಬೇಕು, ಬಸ್ಸು ಹಿಡಿದು ಹೊಸಪೇಟೆಗೋ ದಾವಣಗೆರೆಗೋ ಹೋಗಬೇಕು, ಒಂದು ದಿನದ ಕೂಲಿ ಹೋಗುತ್ತದೆ.

ಹಿಂದಕ್ಕೆ ಹರಿಯುವ ರಕ್ತ

ತುಂಗಭದ್ರಾ ಕಾಲುವೆಯ ಕೊನೆ ಭಾಗದ ರೈತರ ಪಾಡು ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಮಾನ್ವಿ, ಸಿರವಾರದ ಗದ್ದೆಗಳಿಗೆ ನೀರು ಮುಟ್ಟುವುದು ಎಲ್ಲರ ಹೊಲ ದಾಟಿ ಬಂದ ಮೇಲೆ. ಮಧ್ಯದಲ್ಲಿ ಒಂದು ಕಡೆ ಕಾಲುವೆ ಒಡೆದರೆ ಮೇಲಿನವರಿಗೆ ತೊಂದರೆಯಿಲ್ಲ, ಕೊನೆಯವರ ಬೆಳೆ ಒಣಗುತ್ತದೆ. ದೋಣಿ ಎಲುಬಿನ ಒಳಗಿನ ವ್ಯವಸ್ಥೆ ಹೀಗೆಯೇ ಇದೆ.

ರಕ್ತ ತೋಳಿನಿಂದ ಬೆರಳಿನ ಕಡೆಗೆ ಹರಿಯುವುದು ದೇಹದ ವಾಡಿಕೆ. ಈ ಎಲುಬಿನಲ್ಲಿ ಮಾತ್ರ ಮುಖ್ಯ ನಾಳಗಳು ನಡುಭಾಗ ಮತ್ತು ಬೆರಳ ಕಡೆಯ ತುದಿಯಲ್ಲಿ ಒಳಹೊಕ್ಕು, ಅಲ್ಲಿಂದ ಹಿಂದಕ್ಕೆ ತಿರುಗಿ ಮೊಣಕೈ ಕಡೆಯ ತುದಿಯತ್ತ ಹೋಗುತ್ತವೆ. ಮುಂಗೈಯ ಹೆಬ್ಬೆರಳ ಕಡೆಯ ದೊಡ್ಡ ನಾಳದಿಂದ ಕವಲೊಡೆದು, ಎಲುಬಿನ ಬೆನ್ನಿನ ಮೇಲಿನ ಏಣಿನಲ್ಲಿ ತೂರಿಕೊಳ್ಳುವ ನಾಳಗಳೇ ಎಲುಬಿನ ಶೇಕಡ 70ರಿಂದ 80 ಭಾಗವನ್ನು ಪೋಷಿಸುತ್ತವೆ. ಮೊಣಕೈ ಕಡೆಯ ತುದಿಗಂತೂ ಪೂರ್ತಿ ಆಧಾರ ಅವೇ. ಶವಗಳ ಕೈನಾಳಗಳಿಗೆ ಬಣ್ಣದ ದ್ರವ ತುಂಬಿ ಗೆಲ್ಬರ್‌ಮನ್ ಮತ್ತು ಮೆನನ್ 1980ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಅದಕ್ಕೂ ಮೊದಲು, 1938ರಲ್ಲಿ, ಒಬ್ಲೆಟ್ಜ್ ಮತ್ತು ಹಾಲ್ಬ್‌ಸ್ಟೀನ್ 297 ಒಣ ಎಲುಬುಗಳನ್ನು ಮುಂದಿಟ್ಟುಕೊಂಡು ನಾಳ ಹೊಗುವ ರಂಧ್ರಗಳನ್ನು ಎಣಿಸಿದ್ದರು. ಸುಮಾರು ಮೂರರಲ್ಲೊಂದು ಎಲುಬಿಗೆ ಮೊಣಕೈ ಕಡೆಯ ಭಾಗದಲ್ಲಿ ರಂಧ್ರವೇ ಇರಲಿಲ್ಲ, ಇಲ್ಲವೇ ಒಂದೇ ಒಂದಿತ್ತು.

ರಂಧ್ರ ಇನ್ನೆಲ್ಲಾದರೂ ಇರಲಿ ಎಂದರೆ ಜಾಗವೂ ಇಲ್ಲ. ಈ ಎಲುಬಿನ ಮೈಯ ಐದರಲ್ಲಿ ನಾಲ್ಕು ಪಾಲನ್ನು ಕೀಲಿನ ನುಣುಪು ಮೃದ್ವಸ್ಥಿ ಮುಚ್ಚಿದೆ. ನಾಲ್ಕೂ ಕಡೆ ಬೇರೆ ಎಲುಬುಗಳ ಮೇಲೆ ಜಾರಾಡಬೇಕಾದದ್ದಕ್ಕೆ ಆ ನುಣುಪು ಬೇಕು. ಆದರೆ ನುಣುಪಿನ ಮೇಲೆ ನಾಳ ತೂರುವುದಿಲ್ಲ, ಮುರಿದಾಗ ಹೊರಗಿನಿಂದ ಬೆಸುಗೆ ಹಾಕುವ ಪದರವೂ ಅಲ್ಲಿ ಬೆಳೆಯುವುದಿಲ್ಲ. ಬಿರುಕಿನೊಳಗೆ ಕೀಲಿನ ದ್ರವ ನುಗ್ಗಿ ಮೊದಲು ಕಟ್ಟುವ ರಕ್ತದ ಹೆಪ್ಪನ್ನು ತೊಳೆಯುತ್ತದೆ. ಮೇಲಾಗಿ ಎರಡು ಸಾಲುಗಳ ನಡುವೆ ನಿಂತ ಎಲುಬಾದ್ದರಿಂದ ಕೈ ಆಡಿದಾಗಲೆಲ್ಲ ಒಂದು ತುಂಡು ಇತ್ತ, ಇನ್ನೊಂದು ಅತ್ತ ಎಳೆದಾಡುತ್ತವೆ. ರಕ್ತ ಕಡಿಮೆ, ಅಲುಗಾಟ ಜಾಸ್ತಿ. ಕೂಡದಿರಲು ಇಷ್ಟು ಸಾಕು.

ಸಕಾಲಕ್ಕೆ ಪತ್ತೆಯಾಗಿ ಸಿಮೆಂಟ್ ಪಟ್ಟಿ ಹಾಕಿದರೆ ನಡುಭಾಗದ ಮುರಿತಗಳಲ್ಲಿ ಹತ್ತಕ್ಕೆ ಒಂಬತ್ತು ತಾವಾಗಿಯೇ ಕೂಡುತ್ತವೆ. ಬ್ರಿಟನ್ನಿನಲ್ಲಿ 439 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು, ತುಂಡುಗಳು ಎರಡು ಮಿಲಿಮೀಟರಿಗಿಂತ ಹೆಚ್ಚು ಸರಿಯದಿದ್ದರೆ ತಕ್ಷಣ ಸ್ಕ್ರೂ ಹಾಕಿಸಿಕೊಂಡವರಿಗೂ ಪಟ್ಟಿ ಹಾಕಿಸಿಕೊಂಡವರಿಗೂ ವರ್ಷದ ಕೊನೆಗೆ ವ್ಯತ್ಯಾಸವಿಲ್ಲ ಎಂದು ತೋರಿಸಿತು. ಮೊಣಕೈ ಕಡೆಯ ತುದಿ ಮುರಿದರೆ ಕಥೆ ಬೇರೆ. ಅಲ್ಲಿ ಕೂಡದೆ ಉಳಿಯುವವರ ಪ್ರಮಾಣ ಸುಮಾರು ಮೂರರಲ್ಲೊಂದಕ್ಕೆ ಏರುತ್ತದೆ. ಒಡೆದ ಕಾಲುವೆ, ಕೊನೆಯ ಹೊಲ.

ಗೂನು ಬಿದ್ದ ದೋಣಿ

ಕೂಡದೆ ಉಳಿದ ಎಲುಬು ಇದ್ದ ಹಾಗೆಯೂ ಇರುವುದಿಲ್ಲ. ಬೆರಳ ಕಡೆಯ ತುಂಡು ಅಂಗೈಯತ್ತ ಬಾಗುತ್ತದೆ, ಮೊಣಕೈ ಕಡೆಯ ತುಂಡು ಹಿಂದಕ್ಕೆ ವಾಲುತ್ತದೆ. ನಡುವೆ ಅಂಗೈ ಕಡೆಯಲ್ಲಿ ಎಲುಬು ಸವೆದು ಸಂದು ಬೀಳುತ್ತದೆ, ಬೆನ್ನಿನ ಕಡೆ ಗೂನು ಏಳುತ್ತದೆ. ಕೊಂಡಿ ಗಿಡ್ಡವಾದ ಮೇಲೆ ಪಕ್ಕದ ಎಲುಬುಗಳೂ ಜಾಗ ಬಿಡುತ್ತವೆ. ನುಣುಪು ಮೈಗಳು ಸರಿಯಾಗಿ ಕೂರದೆ ಒಂದನ್ನೊಂದು ಉಜ್ಜಿ ಸವೆಸುತ್ತವೆ. ಐದು, ಹತ್ತು ವರ್ಷಗಳಲ್ಲಿ ಹೆಬ್ಬೆರಳ ಬುಡದಿಂದ ಶುರುವಾಗಿ ಇಡೀ ಮಣಿಕಟ್ಟಿಗೆ ಸಂಧಿವಾತ ಹರಡುತ್ತದೆ. ಅಲ್ಲಿಗೆ ಮುಟ್ಟಿದ ಮೇಲೆ ಕಸಿಯ ಮಾತೇ ಇಲ್ಲ. ಕೆಲವು ಎಲುಬು ತೆಗೆಯುವುದು, ಕೆಲವನ್ನು ಒಟ್ಟಿಗೆ ಬೆಸೆದು ಮಣಿಕಟ್ಟಿನ ಆಟ ಅರ್ಧಕ್ಕೆ ಇಳಿಸುವುದು, ಇಷ್ಟೇ ಉಳಿಯುತ್ತದೆ.

ಹಾಗಾಗಿ ಕಸಿಗೆ ಬರುವ ಶಸ್ತ್ರವೈದ್ಯರ ಮುಂದೆ ಮೂರು ಕೆಲಸ ಒಟ್ಟಿಗೆ ನಿಂತಿರುತ್ತವೆ: ಸಂದು ತುಂಬಬೇಕು, ಗೂನು ನೆಟ್ಟಗೆ ಮಾಡಬೇಕು, ಒಣಗಿದ ತುಂಡಿಗೆ ರಕ್ತ ಮುಟ್ಟಿಸಬೇಕು. ಯಾವುದು ಒಳ್ಳೆಯ ಕಸಿ ಎಂಬ ವಾದದಲ್ಲಿ ಅರ್ಧ ಗೊಂದಲಕ್ಕೆ ಕಾರಣ, ಒಬ್ಬೊಬ್ಬರು ಒಂದೊಂದು ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುವುದು.

ತಂದು ತುಂಬಿದ ಎಲುಬಿಗೆ ಏನಾಗುತ್ತದೆ

ಸೊಂಟದಿಂದ ತೆಗೆದ ಚೂರು ಮಣಿಕಟ್ಟಿನಲ್ಲಿ ಹಾಗೆಯೇ ಕುಳಿತು ಅಂಟಿಕೊಳ್ಳುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ವಾಸ್ತವದಲ್ಲಿ ಆ ಚೂರು ಬಹುಪಾಲು ಸಾಯುತ್ತದೆ. ಮೂಲದ ರಕ್ತನಾಳ ಕಡಿದಿದೆ, ಒಳಗಿನ ಜೀವಕೋಶಗಳಿಗೆ ಉಸಿರಿಲ್ಲ. ಹೊರಮೈಯ ಕೆಲವು ಕೋಶಗಳು ಮಾತ್ರ ಸುತ್ತಲಿನ ದ್ರವ ಹೀರಿ ಬದುಕುತ್ತವೆ.

ನಂತರ ನಡೆಯುವುದು ನಿಧಾನದ ಕೆಲಸ. ಅಕ್ಕಪಕ್ಕದ ಜೀವಂತ ಎಲುಬಿನಿಂದ ಕೂದಲಿಗಿಂತ ಸಣ್ಣ ರಕ್ತನಾಳಗಳು ಚಿಗುರಿ ಕಸಿಯೊಳಗೆ ತೂರುತ್ತವೆ. ಅವುಗಳ ಜೊತೆ ಎರಡು ಬಗೆಯ ಕೋಶಗಳು ಬರುತ್ತವೆ. ಒಂದು ಬಗೆಯದು ಹಳೆಯ ಎಲುಬನ್ನು ಕರಗಿಸಿ ತಿನ್ನುತ್ತದೆ, ಇನ್ನೊಂದು ಹೊಸದನ್ನು ಕಟ್ಟುತ್ತದೆ. ತಿನ್ನುತ್ತ, ಕಟ್ಟುತ್ತ, ಮುಂದೆ ಸರಿಯುತ್ತ, ತಿಂಗಳುಗಳಲ್ಲಿ ಕಸಿಯ ಜಾಗದಲ್ಲಿ ಹೊಸ ಎಲುಬು ನಿಲ್ಲುತ್ತದೆ. ಅಮೆರಿಕದ ಸರ್ಜನ್ ಡಲ್ಲಾಸ್ ಫೆಮಿಸ್ಟರ್ 1914ರಲ್ಲಿ ವಿವರಿಸಿದ ಈ ಕ್ರಿಯೆಯನ್ನು ಕನ್ನಡದಲ್ಲಿ ತೆವಳು-ಬದಲಿ ಎನ್ನಬಹುದು. ಕಸಿ ಎಂದರೆ ಹಾಗಾದರೆ ಕಾಲುವೆ ಕೊಚ್ಚಿಹೋದ ಜಾಗಕ್ಕೆ ತಂದು ಹಾಕಿದ ಮಣ್ಣು. ನೀರು ಅದರೊಳಗೆ ಇಂಗಿ ಆಚೆ ದಡ ಮುಟ್ಟಿದರೆ ಹೊಲ ಉಳಿಯಿತು.

ಎಂಥ ಮಣ್ಣು ಹಾಕಿದೆವು ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಎಲುಬಿನಲ್ಲಿ ಎರಡು ಪದರ ಇವೆ. ಹೊರಗಿನದು ಗಟ್ಟಿ, ಒಳಗಿನದು ಜಾಳು ಜಾಳಾದ ಜಾಳಿಗೆ ಎಲುಬು, ಮಜ್ಜೆ ತುಂಬಿದ್ದು. ಜಾಳಿಗೆ ಎಲುಬಿನಲ್ಲಿ ನಾಳಗಳು ವಾರಗಳಲ್ಲಿ ಹರಡುತ್ತವೆ. ಕಟ್ಟುವ ಕೋಶಗಳು ಹಳೆಯ ಎಳೆಗಳ ಮೇಲೆ ಮೊದಲು ಹೊಸದನ್ನು ಕಟ್ಟಿಬಿಡುತ್ತವೆ, ತಿನ್ನುವುದು ಆಮೇಲೆ. ಗಟ್ಟಿ ಎಲುಬಿನಲ್ಲಿ ಕ್ರಮ ತಿರುಗಾಮುರುಗಾ. ತಿನ್ನುವ ಕೋಶ ಮೊದಲು ಸುರಂಗ ಕೊರೆದು ದಾರಿ ಮಾಡಿದರೆ ಮಾತ್ರ ನಾಳ ಒಳಗೆ ಹೋಗುತ್ತದೆ. ಹಾಗಾಗಿ ಗಟ್ಟಿ ಕಸಿ ಮೊದಲ ದಿನ ಬಲವಾಗಿದ್ದು, ಕೆಲವು ತಿಂಗಳು ಕಳೆದಾಗ ಮೊದಲಿಗಿಂತ ದುರ್ಬಲವಾಗಿ, ನಂತರ ಮತ್ತೆ ಗಟ್ಟಿಯಾಗುತ್ತದೆ. ಜಾಳಿಗೆ ಕಸಿಗೆ ಆಕಾರ ಹಿಡಿದು ನಿಲ್ಲುವ ಶಕ್ತಿ ಇಲ್ಲ, ಬೇಗ ಜೀವ ಹಿಡಿಯುವ ಗುಣವಿದೆ.

ಎಲುಬಿಗೆ ಇನ್ನೊಂದು ಗುಣವೂ ಇದೆ. 1965ರಲ್ಲಿ ಮಾರ್ಷಲ್ ಯೂರಿಸ್ಟ್ ಸುಣ್ಣದ ಅಂಶವನ್ನೆಲ್ಲ ತೆಗೆದ ಎಲುಬಿನ ಚೂರನ್ನು ಪ್ರಾಣಿಗಳ ಸ್ನಾಯುವಿನಲ್ಲಿ ಹುಗಿದಿಟ್ಟರು. ಎಲುಬೇ ಇಲ್ಲದ ಆ ಜಾಗದಲ್ಲಿ ಹೊಸ ಎಲುಬು ಹುಟ್ಟಿತು. ಸುತ್ತಲಿನ ಎಳೆಯ ಕೋಶಗಳನ್ನು ಕರೆದು ಎಲುಬು ಕಟ್ಟಿಸುವ ಪ್ರೋಟೀನುಗಳು ಎಲುಬಿನಲ್ಲೇ ಅಡಗಿವೆ ಎಂದಾಯಿತು. ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳು ರೋಗಿಯ ಸ್ವಂತ ಎಲುಬಿಗೆ ಸಮ ಬರದಿರಲು ಕಾರಣ ಇದೇ. ಅವು ನಾಳಗಳಿಗೆ ಹಾದಿ ಕೊಡುತ್ತವೆ, ಕೋಶಗಳನ್ನು ತರುವುದಿಲ್ಲ, ಕರೆಯುವುದೂ ಇಲ್ಲ. ದೋಣಿ ಎಲುಬಿನಂಥ ರಕ್ತ ಕಡಿಮೆಯ ಜಾಗಕ್ಕೆ ಬರೀ ಅವನ್ನು ತುಂಬುವುದು ನನಗೆ ಸರಿ ಕಾಣುವುದಿಲ್ಲ.

ಸೊಂಟವೋ, ಮುಂಗೈಯೋ

ದೋಣಿ ಎಲುಬಿಗೆ ಮೊದಲ ಕಸಿಯ ವರದಿ ಬಂದದ್ದು 1928ರಲ್ಲಿ, ಅಮೆರಿಕದ ಆಡಮ್ಸ್ ಮತ್ತು ಲಿಯೊನಾರ್ಡ್ ಅವರಿಂದ. 1937ರಲ್ಲಿ ಹರ್ಮನ್ ಮಾಟಿ ಎಲುಬಿನ ಒಳಗನ್ನು ಕೆರೆದು ಜಾಳಿಗೆ ಎಲುಬನ್ನು ಒತ್ತಿ ತುಂಬುವ ಕ್ರಮ ತಂದರು. 1960ರಲ್ಲಿ ಆಸ್ಟ್ರಿಯಾದ ಒಟ್ಟೊ ರೂಸ್ಸೆ ಅದನ್ನೇ ಅಂಗೈ ಕಡೆಯಿಂದ ಮಾಡಿದರು. ಬೆನ್ನಿನ ಕಡೆ ಕೊಯ್ದರೆ ಇದ್ದಬದ್ದ ನಾಳಗಳೂ ಕಡಿದುಹೋಗುತ್ತವೆ, ಅಂಗೈ ಕಡೆಯಿಂದ ಹೋದರೆ ಅವು ಉಳಿಯುತ್ತವೆ. ಇಬ್ಬರ ಕ್ರಮವೂ ಗೂನು ಇಲ್ಲದ ಎಲುಬಿಗೆ ಸರಿಹೋಗುತ್ತಿತ್ತು.

ಗೂನಿಗೆ ಉತ್ತರ ಬಂದದ್ದು 1984ರಲ್ಲಿ. ಡಿಯೆಗೊ ಫರ್ನಾಂಡೆಜ್ ಸೊಂಟದ ಎಲುಬಿನ ಅಂಚಿನಿಂದ, ಗಟ್ಟಿ ಪದರ ಸಮೇತ, ಬೆಣೆಯಾಕಾರದ ತುಂಡು ಕತ್ತರಿಸಿ ಅಂಗೈ ಕಡೆಯ ಸಂದಿಗೆ ಕೂರಿಸಿದರು. ಬೆಣೆ ಎಷ್ಟು ದಪ್ಪ ಇರಬೇಕೆಂದು ರೋಗಿಯ ಇನ್ನೊಂದು, ಚೆನ್ನಾಗಿರುವ ಮಣಿಕಟ್ಟಿನ ಎಕ್ಸ್-ರೇ ನೋಡಿ ಮೊದಲೇ ಲೆಕ್ಕ ಹಾಕುತ್ತಿದ್ದರು. ಅದೇ ವರ್ಷ ಆಸ್ಟ್ರೇಲಿಯಾದ ಟಿಮೊಥಿ ಹರ್ಬರ್ಟ್ ಮತ್ತು ಫಿಶರ್ ತಲೆಯಿಲ್ಲದ ಸ್ಕ್ರೂವಿನ ವರದಿ ಕೊಟ್ಟರು. ಆ ಸ್ಕ್ರೂವಿನ ಎರಡು ತುದಿಯ ಸುರುಳಿ ಗೆರೆಗಳ ಅಂತರ ಬೇರೆ ಬೇರೆ. ತಿರುಗಿಸಿದ ಹಾಗೆ ಎರಡು ತುಂಡುಗಳೂ ಹತ್ತಿರ ಬಂದು ಬಿಗಿಯಾಗುತ್ತವೆ, ಸ್ಕ್ರೂ ಎಲುಬಿನೊಳಗೇ ಮುಳುಗಿ ನುಣುಪು ಮೈಯನ್ನು ಕೆಡಿಸದೆ ಇರುತ್ತದೆ. ನನ್ನನ್ನು ಕೇಳಿದರೆ ಈ ಚರಿತ್ರೆಯ ನಾಯಕ ಯಾವ ಕಸಿಯೂ ಅಲ್ಲ, ಆ ಸ್ಕ್ರೂ. ಗಂಟೆಗೊಮ್ಮೆ ಕುಸಿಯುವ ದಂಡೆಯಲ್ಲಿ ನೀರು ಇಂಗಿ ದಾಟುವುದು ಸಾಧ್ಯವೇ ಇಲ್ಲ. ಚಿಗುರುವ ನಾಳ ಒಂದು ಅಲುಗಾಟಕ್ಕೆ ಹರಿದುಹೋಗುತ್ತದೆ.

ಸೊಂಟದಲ್ಲಿ ಬೇಕಾದಷ್ಟು ಎಲುಬಿದೆ, ಗಟ್ಟಿ ಬೆಣೆಯೂ ಸಿಗುತ್ತದೆ. ಬೆಲೆ ತೆರುವುದು ಸೊಂಟವೇ. ಕೈ ಆಪರೇಷನ್ ಮಾಡಿಸಿಕೊಂಡವರು ಕುಂಟುತ್ತ ನಡೆಯುವುದು, ತೊಡೆಯ ಹೊರಮಗ್ಗುಲು ಕೆಲಕಾಲ ಜೋಮು ಹಿಡಿದಂತಿರುವುದು ಅಪರೂಪವಲ್ಲ. ಇದಕ್ಕೆ ಬದಲು ಮುಂಗೈಯ ದಪ್ಪ ಎಲುಬಾದ ರೇಡಿಯಸ್‌ನ ಮಣಿಕಟ್ಟಿನ ತುದಿಯಿಂದ ಜಾಳಿಗೆ ಎಲುಬು ತೆಗೆಯಬಹುದು. ಅದೇ ಕೈ, ಹತ್ತಿರದ ಕೊಯ್ತ, ತೋಳಿಗೆ ಮಾತ್ರ ಮರಗಟ್ಟುವ ಚುಚ್ಚುಮದ್ದು ಕೊಟ್ಟರೆ ಸಾಕು. ದೆಹಲಿಯ ಏಮ್ಸ್‌ನ ವೈದ್ಯರು 2013ರಲ್ಲಿ ಪ್ರಕಟಿಸಿದ, ನೂರು ರೋಗಿಗಳ ಹೋಲಿಕೆಯಲ್ಲಿ ಸೊಂಟದ ಕಸಿಗೂ ಮುಂಗೈ ಕಸಿಗೂ ಕೂಡುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಬ್ಬದಿಯ ಫಲ ಒಂದೇ ಎಂದಾದರೆ ನಾಳೆ ಎದ್ದು ಹೊಲಕ್ಕೆ ನಡೆಯಬೇಕಾದವರ ಸೊಂಟಕ್ಕೆ ಕೈ ಹಾಕುವುದೇಕೆ? ಗೂನು ದೊಡ್ಡದಿದ್ದು ಬೆಣೆ ಬೇಕೇಬೇಕು ಎನ್ನುವಾಗ ಮಾತ್ರ ಸೊಂಟದ ವಾದ ಗಟ್ಟಿ.

ನಾಳ ಸಮೇತ

ಈವರೆಗಿನದು ಬರೀ ಮಣ್ಣು ಹಾಕಿ ನೀರು ಇಂಗಲಿ ಎಂದು ಕಾಯುವ ಬಗೆ. ಕೊನೆಯ ಹೊಲ ಪೂರ್ತಿ ಒಣಗಿದ್ದರೆ? ಆಚೆ ದಡದಿಂದ ಚಿಗುರಿ ಬರಲು ನಾಳವೇ ಇಲ್ಲದಿದ್ದರೆ?

1991ರಲ್ಲಿ ಅರ್ಜೆಂಟೀನಾದ ಕಾರ್ಲೋಸ್ ಝೈಡೆಂಬರ್ಗ್ ರೇಡಿಯಸ್ ಎಲುಬಿನ ಬೆನ್ನ ಮೇಲೆ ಹರಿಯುವ ಸಣ್ಣ ನಾಳವೊಂದನ್ನು ಗುರುತಿಸಿದರು. ಆ ನಾಳಕ್ಕೆ ಅಂಟಿಕೊಂಡಿರುವ ಎಲುಬಿನ ಚೂರನ್ನು ನಾಳ ಕಡಿಯದೆ ಬಿಡಿಸಿ, ಹಾಗೆಯೇ ಹೊರಳಿಸಿ ದೋಣಿ ಎಲುಬಿನ ಸಂದಿಗೆ ಕೂರಿಸಬಹುದು. ಪಕ್ಕದ ಕಾಲುವೆಯಿಂದ ಒಂದು ತೂಬು ಒಡೆದು ಕೊನೆಯ ಹೊಲಕ್ಕೆ ತಿರುಗಿಸಿದಂತೆ. ಚೂರು ಸಾಯುವುದೇ ಇಲ್ಲ, ತೆವಳು-ಬದಲಿಗೆ ಕಾಯಬೇಕಿಲ್ಲ. ಅವರ ಮೊದಲ 11 ರೋಗಿಗಳಿಗೂ ಎಲುಬು ಕೂಡಿತು. ಜಗತ್ತಿನಾದ್ಯಂತ ಎಲ್ಲರೂ ಇದನ್ನು ಹಿಡಿದುಕೊಂಡರು, ಫಲಿತಾಂಶ ಎಲ್ಲರಿಗೂ ಹಾಗೆ ಬರಲಿಲ್ಲ. ಚೂರು ಸಣ್ಣದು, ಗೂನು ಎತ್ತುವ ಬಲ ಅದಕ್ಕಿಲ್ಲ. ನಾಳ ಗಿಡ್ಡ, ಹೊರಳಿಸುವಾಗ ಮುರುಟಿದರೆ ಮುಗಿಯಿತು.

ಇನ್ನೂ ದೂರ ಹೋದವರು ಜಪಾನಿನವರು. ಮೊಣಕಾಲಿನ ಒಳಮಗ್ಗುಲಲ್ಲಿ, ತೊಡೆ ಎಲುಬಿನ ಕೆಳತುದಿಯಿಂದ, ನಾಳ ಸಮೇತ ಎಲುಬಿನ ತುಂಡು ತೆಗೆದು ಬೇರೆಡೆ ಕಸಿ ಮಾಡುವುದನ್ನು ಸಾಕಾಯಿ ಮತ್ತು ಸಂಗಡಿಗರು 1991ರಲ್ಲಿ ವರದಿ ಮಾಡಿದರು. 2000ದಲ್ಲಿ ಡೋಯಿ ಮತ್ತು ಸಂಗಡಿಗರು ಅದನ್ನು ದೋಣಿ ಎಲುಬಿಗೆ ತಂದರು. ಇಲ್ಲಿ ನಾಳವನ್ನು ಪೂರ್ತಿ ಕಡಿದು, ಮಣಿಕಟ್ಟಿನಲ್ಲಿ ಸೂಕ್ಷ್ಮದರ್ಶಕದಡಿ ಕೂದಲಿಗಿಂತ ಸಣ್ಣ ದಾರದಲ್ಲಿ ಮತ್ತೆ ಹೊಲಿಯಬೇಕು. ತುಂಗಭದ್ರೆಯ ನೀರನ್ನು ಪಂಪ್ ಮಾಡಿ, ಪೈಪಿನಲ್ಲಿ ತಂದು ಕೂಡ್ಲಿಗಿಯ 74 ಕೆರೆ ತುಂಬಿಸುವ ಯೋಜನೆಯನ್ನು ಬಲ್ಲವರಿಗೆ ಇದರ ಗುಣವೂ ಖರ್ಚೂ ಬಿಡಿಸಿ ಹೇಳಬೇಕಿಲ್ಲ. ನೀರು ಧಾರಾಳ, ತುಂಡು ದೊಡ್ಡದು, ಬೆಣೆಯಾಗಿಯೂ ನಿಲ್ಲುತ್ತದೆ. ಆದರೆ ಗಂಟೆಗಟ್ಟಲೆ ಆಪರೇಷನ್, ಮೈಕ್ರೋಸರ್ಜರಿ ಬಲ್ಲ ತಂಡ, ಮೊಣಕಾಲಿನ ನೋವು. ಒಂದು ಜೋಡಣೆ ಕಟ್ಟಿಕೊಂಡರೆ ಅಷ್ಟೂ ವ್ಯರ್ಥ.

ಮೊಣಕೈ ಕಡೆಯ ತುದಿ ಉಳಿಸಲಾಗದಷ್ಟು ಪುಡಿಯಾಗಿದ್ದರೆ ಅದನ್ನೇ ಬದಲಿಸುವ ಕ್ರಮಗಳೂ ಇವೆ. ಪಕ್ಕೆಲುಬಿನ ತುದಿಯನ್ನು ಮೃದ್ವಸ್ಥಿ ಸಮೇತ ತಂದು ಕೂರಿಸುವವರಿದ್ದಾರೆ, ಮಣಿಕಟ್ಟಿನದೇ ಇನ್ನೊಂದು ಎಲುಬಾದ ಹ್ಯಾಮೇಟ್‌ನ ತಲೆಯನ್ನು ಬಳಸುವವರಿದ್ದಾರೆ. ಇವುಗಳ ಅನುಭವ ಇನ್ನೂ ಚಿಕ್ಕದು.

ಅಂಕಿಗಳ ಜಗಳ

2002ರಲ್ಲಿ ಮೆರಿಲ್ ಮತ್ತು ಸಂಗಡಿಗರು ಆವರೆಗಿನ ವರದಿಗಳನ್ನೆಲ್ಲ ಒಟ್ಟು ಹಾಕಿದರು. ತುದಿಯ ತುಂಡಿಗೆ ರಕ್ತವೇ ಇಲ್ಲದ ರೋಗಿಗಳಲ್ಲಿ ನಾಳ ಸಮೇತದ ಕಸಿ ಶೇಕಡ 88ರಷ್ಟು ಕೂಡಿತ್ತು, ಬರೀ ಬೆಣೆ ಮತ್ತು ಸ್ಕ್ರೂ ಶೇಕಡ 47ರಷ್ಟು. ಈ ಅಂಕಿ ಎಲ್ಲರ ಬಾಯಲ್ಲೂ ಓಡಾಡಿತು. ಒಣ ತುಂಡಿಗೆ ನಾಳದ ಕಸಿ ಎಂಬುದು ಪಾಠವಾಯಿತು. 2008ರಲ್ಲಿ ಜೋನ್ಸ್ ಮತ್ತು ಸಂಗಡಿಗರು, ತುದಿ ಒಣಗಿ ಗೂನೂ ಬಿದ್ದ 22 ರೋಗಿಗಳನ್ನು ಹೋಲಿಸಿದರು. ಮುಂಗೈಯ ನಾಳದ ಕಸಿ ಹತ್ತರಲ್ಲಿ ನಾಲ್ವರಿಗೆ ಕೂಡಿತ್ತು, ಮೊಣಕಾಲಿನದು ಹನ್ನೆರಡಕ್ಕೆ ಹನ್ನೆರಡು.

ಹಾಗಾದರೆ ಎಲ್ಲರಿಗೂ ಮೊಣಕಾಲಿನ ಎಲುಬೇ ಹಾಕಿಬಿಡೋಣ ಎನಿಸುತ್ತದೆ. ಆದರೆ 2015ರಲ್ಲಿ ಬ್ರಿಟನ್ನಿನ ಪಿಂಡರ್ ಮತ್ತು ಸಂಗಡಿಗರು ಸುಮಾರು 1,600 ರೋಗಿಗಳ ವರದಿಗಳನ್ನು ಕೂಡಿಸಿ ನೋಡಿದಾಗ ನಾಳದ ಕಸಿ ಶೇಕಡ 92, ನಾಳವಿಲ್ಲದ್ದು ಶೇಕಡ 88. ಅಂತರ ಇಷ್ಟೇ. 2018ರಲ್ಲಿ ನ್ಯೂಯಾರ್ಕಿನ ತಂಡವೊಂದು ಇನ್ನೂ ಬಿಸಿ ಪ್ರಶ್ನೆ ಎತ್ತಿತು. ಅವರು 35 ರೋಗಿಗಳ ತುದಿಯ ತುಂಡಿನಲ್ಲಿ ರಕ್ತ ಎಷ್ಟಿದೆ ಎಂದು ಎಂಆರ್‌ಐಯಲ್ಲಿ, ಆಪರೇಷನ್ ಮೇಜಿನ ಮೇಲೆ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಬರೆದಿಟ್ಟುಕೊಂಡು, ಎಲ್ಲರಿಗೂ ನಾಳವಿಲ್ಲದ ಸಾಮಾನ್ಯ ಕಸಿಯನ್ನೇ ಹಾಕಿ ಸ್ಕ್ರೂ ಬಿಗಿದರು. 33 ಜನರಿಗೆ ಕೂಡಿತು. ರಕ್ತ ಕಡಿಮೆ ಎಂದು ಗುರುತಾದವರಿಗೂ ಕೂಡಿತು.

ಈ ಎರಡು ಬಗೆಯ ಅಂಕಿಗಳನ್ನು ಒಟ್ಟಿಗೆ ಹೇಗೆ ನಂಬುವುದು? ಮೆರಿಲ್ ಕೂಡಿಸಿದ ಹಳೆಯ ವರದಿಗಳಲ್ಲಿ ಸ್ಕ್ರೂಗಳೂ ಅವನ್ನು ಕೂರಿಸುವ ಕೌಶಲವೂ ಇಂದಿನಷ್ಟು ಬೆಳೆದಿರಲಿಲ್ಲ. ನಾಳದ ಕಸಿ ಮಾಡಿದವರು ತಮ್ಮ ಗೆದ್ದ ಪ್ರಕರಣಗಳನ್ನು ಬರೆಯುವ ಉತ್ಸಾಹದಲ್ಲಿದ್ದವರು. ರಕ್ತ ಇಲ್ಲ ಎಂದು ಒಬ್ಬರು ಹೇಳಿದ್ದು ಇನ್ನೊಬ್ಬರ ಲೆಕ್ಕದಲ್ಲಿ ರಕ್ತ ಕಡಿಮೆ ಇದೆ ಎಂದಷ್ಟೇ ಇರಬಹುದು. ಒಣಗಿದ ಹೊಲವೆಲ್ಲ ಬರಡು ಹೊಲವಲ್ಲ. ದಂಡೆ ಗಟ್ಟಿಯಾಗಿ ನಿಂತರೆ ಅನೇಕ ಸಲ ಸಾದಾ ಮಣ್ಣಿನೊಳಗೇ ನೀರು ದಾಟಿಬಿಡುತ್ತದೆ. ಮೊಣಕಾಲಿನ ಎಲುಬಿನ ಜಾಗ, ನನ್ನ ತಿಳಿವಳಿಕೆಯಂತೆ, ಒಮ್ಮೆ ಕಸಿ ಸೋತವರಲ್ಲಿ, ತುದಿ ನಿಜಕ್ಕೂ ಸತ್ತು ಗೂನೂ ಬಿದ್ದವರಲ್ಲಿ. ಮೊದಲ ಸಲಕ್ಕೇ ಅದನ್ನು ಬಯಸುವುದು ಬೇಕಿಲ್ಲದ ಖರ್ಚು.

ನಮ್ಮ ಕಡೆಯವರಿಗೆ

ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆಯವರು ಕೇಳುವ ಒಂದು ಪ್ರಶ್ನೆ ಇದೆ: ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಎಲುಬು ಕೂಡುತ್ತಿಲ್ಲವೇ? ಫ್ಲೋರೈಡ್ ಹೆಚ್ಚಾದರೆ ಎಲುಬಿಗೆ, ಕೀಲಿಗೆ ಕೆಡುಕು ಹೌದು. ದೋಣಿ ಎಲುಬು ಕೂಡದಿರುವುದು ಮಾತ್ರ ಸಿಹಿನೀರಿನ ಊರುಗಳಲ್ಲೂ ಇರುವ ಕಥೆ, ಅದಕ್ಕೆ ರಕ್ತದ ದಾರಿಯೇ ಕಾರಣ. ನೀರಿಗಿಂತ ಹತ್ತಿರದ ಶತ್ರು ಬೀಡಿ. ಹೊಗೆಸೊಪ್ಪು ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ. ಸೇದುವವರಲ್ಲಿ ಕಸಿ ಸೋಲುವುದು ಹೆಚ್ಚು ಎಂದು ಹಲವು ವರದಿಗಳು ಹೇಳಿವೆ. ಲಕ್ಷ ರೂಪಾಯಿಯ ಕಸಿ ಹಾಕಿಸಿ ಆಸ್ಪತ್ರೆಯ ಹೊರಗೆ ಬೀಡಿ ಹಚ್ಚುವವರಿಗೆ ಯಾವ ಎಲುಬು ತಂದರೂ ಅಷ್ಟೇ.

ಎಲುಬು ಕಟ್ಟುವವರ ವಿಚಾರವನ್ನೂ ಹೇಳಬೇಕು. ಮುಂಗೈ, ಕಾಲಿನ ನೇರ ಮುರಿತಗಳನ್ನು ಬಿದಿರ ಪಟ್ಟಿ ಕಟ್ಟಿ ನಿಲ್ಲಿಸುವ ಕೈಗುಣ ಅವರಲ್ಲಿ ಕೆಲವರಿಗೆ ಇದ್ದೀತು. ಈ ಎಲುಬಿಗೆ ಅದು ನಡೆಯುವುದಿಲ್ಲ. ಮುರಿದದ್ದು ಹೊರಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ತಿಕ್ಕಿದರೆ ತುಂಡುಗಳ ಅಲುಗಾಟ ಇನ್ನಷ್ಟು ಹೆಚ್ಚುತ್ತದೆ. ಹೆಬ್ಬೆರಳನ್ನು ಹಿಂದಕ್ಕೆ ಚಾಚಿದಾಗ ಅದರ ಬುಡದಲ್ಲಿ ಎರಡು ಸ್ನಾಯುರಜ್ಜುಗಳ ನಡುವೆ ಬೀಳುವ ಗುಳಿಯನ್ನು ಒತ್ತಿ ನೋಡಿ. ಬಿದ್ದ ಮೇಲೆ ಅಲ್ಲಿ ನೋವಿದ್ದರೆ ತಿಕ್ಕಿಸದೆ ಎಕ್ಸ್-ರೇ ತೆಗೆಸಬೇಕು. ಕಾಣದಿದ್ದರೆ ಪಟ್ಟಿ ಹಾಕಿಸಿಕೊಂಡು ಎರಡು ವಾರ ಬಿಟ್ಟು ಮತ್ತೆ ತೆಗೆಸಬೇಕು. ತಡ ಮಾಡಿದಷ್ಟೂ ಕಸಿ ಗೆಲ್ಲುವ ಸಾಧ್ಯತೆ ಇಳಿಯುತ್ತದೆ. ಮೆರಿಲ್ ಅವರ ಲೆಕ್ಕದಲ್ಲೇ ವರ್ಷದೊಳಗೆ ಬಂದವರಲ್ಲಿ ಶೇಕಡ 90, ವರ್ಷ ದಾಟಿ ಬಂದವರಲ್ಲಿ ಶೇಕಡ 80.

ಸಾದಾ ಕಸಿ, ಸ್ಕ್ರೂ ಎಲುಬು-ಕೀಲು ಸರ್ಜನ್ನರಿಗೆ ಪರಿಚಿತ ಕೆಲಸ. ಹೊಸಪೇಟೆ, ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಬಹುದು. ಮೈಕ್ರೋಸರ್ಜರಿಯ ಕಸಿ ಬೇಕೆಂದರೆ ಇನ್ನೂ ದೂರ ಹೋಗಬೇಕಾದೀತು. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ ಕೈ ಶಸ್ತ್ರಚಿಕಿತ್ಸೆಗೆಂದೇ ವಿಭಾಗವಿದೆ, ಕೊಯಮತ್ತೂರಿನ ಗಂಗಾ ಆಸ್ಪತ್ರೆ ಈ ಕೆಲಸಕ್ಕೆ ಹೆಸರಾದದ್ದು. ಎಲ್ಲಿಗೆ ಹೋದರೂ ಎರಡು ಪ್ರಶ್ನೆ ಕೇಳಿ: ಗೂನು ಬಿದ್ದಿದೆಯೇ? ತುದಿಯ ತುಂಡಿಗೆ ರಕ್ತ ಇದೆಯೇ? ಎರಡಕ್ಕೂ ಉತ್ತರ ಸಿಕ್ಕ ಮೇಲೆ ಯಾವ ಎಲುಬು, ಎಲ್ಲಿಂದ ಎಂಬುದು ಬಹುಪಾಲು ತಾನೇ ಇತ್ಯರ್ಥವಾಗುತ್ತದೆ. ಆಪರೇಷನ್ ಆದ ಮೇಲೆ ನೋವು ಹೋಯಿತೆಂದು ಪಟ್ಟಿ ಬಿಚ್ಚಿ ಗುದ್ದಲಿ ಹಿಡಿಯಬೇಡಿ. ಕೂಡಿದೆಯೋ ಇಲ್ಲವೋ ಎಂದು ನಂಬಿಕೆಯಿಂದ ಹೇಳುವುದು ಸಿಟಿ ಸ್ಕ್ಯಾನ್, ಅದಕ್ಕೆ ಸಾಮಾನ್ಯವಾಗಿ ಮೂರು ತಿಂಗಳಾದರೂ ಹಿಡಿಯುತ್ತದೆ. ಸರ್ಜನ್ ಹತ್ತಿರ ಹೋಗುವಾಗ ಬಿದ್ದ ದಿನದಿಂದ ತೆಗೆಸಿದ ಎಕ್ಸ್-ರೇ ಫಿಲ್ಮುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ, “ಏನೂ ಆಗಿಲ್ಲ” ಎಂದು ಬರೆದುಕೊಟ್ಟ ಮೊದಲ ಫಿಲ್ಮನ್ನೂ ಬಿಡದೆ.